ಪೊರೆ ಸೋಸಿದ ನೀರು

ಹೆಂಡತಿ ತೀರಿಕೊಂಡ ಸುದ್ದಿಯ ಜೊತೆಗೆ "ಕಾಮಾಲೆ, ಕೆಟ್ಟ ನೀರಿನಿಂದ ಬಂದದ್ದು" ಎಂದು ಆಸ್ಪತ್ರೆಯವರು ಹೇಳಿದ ದಿನವೇ ವೆಂಕಣ್ಣಾಚಾರ್ಯರಿಗೆ ಅನುಮಾನ ಹುಟ್ಟಿತು. ಮನೆಯ ಬಾವಿಯ ಮಡಿನೀರು ಬಿಟ್ಟು ಅವಳು ಕದ್ದು ನಲ್ಲಿಯ ನೀರು ಕುಡಿದಿರಬೇಕು. ಊರಿನ ಹೊಸ ಶುದ್ಧೀಕರಣ ಘಟಕದಲ್ಲಿ ಆ ನೀರನ್ನು ಎಂಥದೋ ಪೊರೆಯಿಂದ ಸೋಸುತ್ತಾರಂತೆ. ಅದು ಯಾವ ಪ್ರಾಣಿಯ ತೊಗಲೋ!

ವೈಕುಂಠ ಸಮಾರಾಧನೆಯ ಮರುದಿನ ಬಾವಿಯದು, ನಲ್ಲಿಯದು ಎರಡೂ ನೀರನ್ನು ಪರೀಕ್ಷೆಗೆಂದು ಸೀಸೆಗಳಲ್ಲಿ ತುಂಬಿಕೊಂಡು ಸೊಸೆಯೊಂದಿಗೆ ಘಟಕಕ್ಕೆ ಹೋದರು.

"ಊರಿಗೆಲ್ಲ ನೀರು ಕೊಡೋ ಪಂಪು ಇಷ್ಟು ಮೆತ್ತಗೆ ಓಡುತ್ತಾ? ಸೋಸ್ತೀರೋ, ಸೋಸಿದ ಹಾಗೆ ನಾಟಕ ಆಡ್ತೀರೋ? ಆ ಪೊರೆ ಯಾವ ಪ್ರಾಣಿ ತೊಗಲು?"

ಎಂಜಿನಿಯರ್ ಹುಡುಗಿ ನಕ್ಕಳು. "ಹೊಸ ಪೊರೆಗೆ ಕಡಿಮೆ ಒತ್ತಡ ಸಾಕು ಆಚಾರ್ರೇ, ಕರೆಂಟೂ ಅರ್ಧ. ತೊಗಲಲ್ಲ, ಪ್ಲಾಸ್ಟಿಕ್ಕು."

ಮೂರು ದಿನದ ಮೇಲೆ ಪರೀಕ್ಷೆಯ ಫಲ ಕೇಳಲು ಇಬ್ಬರೂ ಹೋದಾಗ ಎಂಜಿನಿಯರ್ ಹುಡುಗಿ ನಗಲಿಲ್ಲ. "ನಲ್ಲಿ ನೀರು ಶುದ್ಧವಾಗಿದೆ. ನಿಮ್ಮ ಬಾವಿಗೆ ಚರಂಡಿ ಸೇರ್ತಿದೆ."

"ಸುಳ್ಳು! ಅದೇ ಬಾವಿ ನೀರು ಕುಡಿದ ನಾನು ಗಟ್ಟಿಯಾಗಿಲ್ವೇ?"

ಸೊಸೆ ತಲೆ ತಗ್ಗಿಸಿದಳು. "ಹೋದ ವರ್ಷ ನಿಮಗೆ ಹೊಟ್ಟೆ ಕೆಟ್ಟಾಗಿಂದ ಅತ್ತೆ ನಿಮ್ಮ ತಂಬಿಗೆಗೆ ನಲ್ಲಿ ನೀರೇ ತುಂಬ್ತಿದ್ರು, ಮಾವ. 'ಅವರ ಪಾಲಿನ ಮಡಿ ನಾನು ಹಿಡೀತೀನಿ' ಅಂತ ಹೇಳಿ ಅತ್ತೆ ಮಾತ್ರ ಬಾವಿ ನೀರು ಬಿಡಲಿಲ್ಲ."

ಆಚಾರ್ಯರು ಅಲ್ಲಿದ್ದ ನಲ್ಲಿಯನ್ನು ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು ಕಣ್ಣು ಮುಚ್ಚಿದರು.

"ನಾರಾಯಣಾ, ಅವಳಿಗೆ ಶಾಂತಿ ಕೊಡು."