ಜಾಲಿ ಕಟ್ಟಿಗೆಯ ರಾಜ

ಏಪ್ರಿಲ್ ಮುಗಿಯುತ್ತ ಬಂದಿತ್ತು. ಒಣದ್ರಾಕ್ಷಿಯೆಲ್ಲ ಪೆಟ್ಟಿಗೆ ಸೇರಿ ಪೇಟೆಗೆ ಹೋಗಿ, ಐಗಳಿಯ ನಮ್ಮ ಹೊಲದ ಶೆಡ್ಡು ಖಾಲಿ ಬಿದ್ದಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅಕ್ಕೋಳದ ಸೋನಾಬಾಯಿ ಗೊಂಬೆಗಳ ಟ್ರಂಕು ಹೊರಿಸಿಕೊಂಡು ಬಂದಳು. ಗೊಂಬೆ ಮಾಡುವುದು, ಆಡಿಸುವುದು ಎರಡನ್ನೂ ಕಲಿಸುತ್ತೇನೆ, ಶೆಡ್ಡು ಕೊಡಿ ಎಂದಳು. ಆಕೆಯ ಜೊತೆ ಇಷ್ಟು ವರ್ಷ ಗೊಂಬೆ ಆಡಿಸಿದ ಅಣ್ಣನಿಗೆ ಈಗ ತೋಳು ಮೇಲಕ್ಕೆ ಏಳುವುದಿಲ್ಲವಂತೆ. ಕಾಗವಾಡದಲ್ಲಿ ಒಂದು ಆಟ ನಿಗದಿಯಾಗಿದೆ. ಯಾರ ಗೊಂಬೆ ನಡೆಯುತ್ತದೋ ಅವರನ್ನು ಕರೆದುಕೊಂಡು ಹೋಗುತ್ತೇನೆ, ಯಾರೂ ಸಿಗದಿದ್ದರೆ ಈ ಟ್ರಂಕು ಮತ್ತೆ ತೆಗೆಯುವುದಿಲ್ಲ ಎಂದಳು.

ಹೋಗುವವನು ನಾನೇ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಶೆಡ್ಡು ನನ್ನದು, ಗೊಂಬೆ ತೂಗುಹಾಕುವ ತಂತಿ ನನ್ನದು. ಧರೆಪ್ಪ ಇನ್ನು ಮುಂದೆ ಕಲಾವಿದ ಎಂದು ಚಾವಡಿ ಕಟ್ಟೆಯಲ್ಲಿ ನಾನೇ ಹೇಳಿಕೊಂಡು ಬಂದೆ. ಕಾಗವಾಡಕ್ಕೆಂದು ಹೊಸ ಧೋತರ, ತಲೆಗೆ ಸುತ್ತುವ ಪಟಗಾ ತಂದಿಟ್ಟೆ. ಗೊಂಬೆ ಇನ್ನೂ ಆಗಿರಲಿಲ್ಲ.

ಸೋನಾಬಾಯಿ ಕಲಿಯಲು ಬಂದವರಿಗೆಲ್ಲ ಹಾಲವಾಣ ಮರದ ತುಂಡು ಹಂಚಿದಳು. ಎತ್ತಿದರೆ ಹತ್ತಿ ಎತ್ತಿದ ಹಾಗೆ. ಅಂಥದ್ದನ್ನು ನಾನು ಒಲೆಗೂ ಹಾಕಿದವನಲ್ಲ. ಕಟ್ಟಿಗೆ ಎಂದರೆ ಜಾಲಿ. ಬಡಿದರೆ ಕಣಕಣ ಅನ್ನಬೇಕು, ಹೊತ್ತರೆ ಹೆಗಲು ನೆನಪಿಡಬೇಕು. ನೇಗಿಲು ಕೆತ್ತಿದ ಕೈ ನನ್ನದು. ನಮ್ಮಪ್ಪ ನೇಗಿಲಿಗೆಂದು ಅಟ್ಟದ ಮೇಲೆ ಇಟ್ಟುಹೋಗಿದ್ದ ಜಾಲಿಯ ತಿರುಳು ಇಳಿಸಿ ಅದರಲ್ಲಿ ರಾಜನನ್ನು ಕೆತ್ತಲು ಕುಳಿತೆ. ಸೋನಾಬಾಯಿ ನೋಡಿ, ಗೊಂಬೆ ಹಗುರಾಗಿರಬೇಕು ಎಂದಳು. ಇದು ನೂರು ವರ್ಷ ಬಾಳುತ್ತದೆ ಎಂದೆ. ಆಕೆ ಪಕ್ಕದವರ ಗೊಂಬೆ ನೋಡಲು ಹೋದಳು. ಶೆಡ್ಡು ನನ್ನದಲ್ಲವೇ.

ನಮಗೆಲ್ಲ ಚಹಾ ತರುತ್ತಿದ್ದ ನನ್ನ ಹೆಂಡತಿ ಕೆಂಚವ್ವ, ನಾನು ಬಿಸಾಕಿದ ಹಾಲವಾಣದ ತುಂಡನ್ನು ಒಂದು ದಿನ ಎತ್ತಿಕೊಂಡು ಕೂತಳು. ಕುಡಗೋಲಿನ ತುದಿಯಿಂದ ಕೆರೆದು ಕೆರೆದು ಒಬ್ಬ ಮುದುಕಿಯ ಮುಖ ಮಾಡಿದಳು, ಹಳೇ ಕುಪ್ಪಸದ ಬಟ್ಟೆ ಉಡಿಸಿದಳು. ದಾರಗಳನ್ನು ಸಡಿಲಾಗಿ ಬಿಟ್ಟಳು. ನಾನು ನನ್ನ ರಾಜನಿಗೆ ದ್ರಾಕ್ಷಿ ಬಳ್ಳಿಯನ್ನು ತಂತಿಗೆ ಬಿಗಿಯುವಂತೆ ಗಂಟಿನ ಮೇಲೆ ಗಂಟು ಹಾಕಿದೆ. ಆಕೆಯ ಮುದುಕಿಯ ಮೂಗು ಸೊಟ್ಟಗಿತ್ತು. ಅದನ್ನು ನೋಡಿ ನಕ್ಕವರಲ್ಲಿ ನಾನೇ ಮೊದಲಿಗ.

ರವಿವಾರ ಸಂಜೆ ಅರ್ಧ ಊರು ಶೆಡ್ಡಿನಲ್ಲಿ ನೆರೆದಿತ್ತು. ಪರದೆಯ ಹಿಂದೆ ಹಲಗೆಯ ಮೇಲೆ ನಿಂತು ರಾಜನನ್ನು ಎತ್ತಿದೆ. ಬಾವಿಯಿಂದ ತುಂಬಿದ ಕೊಡ ಬಂದ ಹಾಗೆ ಬಂದ. ನಾನು ಎಳೆದೇ ಎಳೆದೆ, ರಾಜ ಮಾತ್ರ ಅಲ್ಲಾಡಲೊಲ್ಲ. ನನಗೆ ಅರಿವಿಲ್ಲದೆ ಬಾಯಿಂದ ಎತ್ತು ಹೊಡೆಯುವ ದನಿ ಹೊರಟಿತು: ಹೋ, ಹಾಂ, ಚ್ಚಚ್ಚ. ಜನ ನಗತೊಡಗಿದರು.

"ಕಾಕಾ, ರಾಜಾಗ ಟ್ರ್ಯಾಕ್ಟರ್ ಹಚ್ಚೂನೇನ್ರಿ?" ಎಂದ ಪಕ್ಕದ ಹೊಲದ ಬಾಳಾಸಾಬ.

ಅಷ್ಟರಲ್ಲಿ ದಾರ ಹರಿಯಿತು. ಗಂಟು ಒಂದೂ ಬಿಚ್ಚಲಿಲ್ಲ, ಅದನ್ನು ಹೇಳಲೇಬೇಕು. ರಾಜ ಧೊಪ್ಪೆಂದು ಬಿದ್ದ ಹೊಡೆತಕ್ಕೆ ಗೊಂಬೆ ಆಡುವ ಹಲಗೆ ಸೀಳಿತು. ಸೋನಾಬಾಯಿಯ ಮುಖ ಸಪ್ಪಗಾಯಿತು. ಆಟ ನಿಲ್ಲಿಸಲು ಮುಂದಿನ ಪರದೆಯ ಹಗ್ಗಕ್ಕೆ ಕೈ ಹಾಕಿದಳು.

ಆಗ ಆ ತುದಿಯಿಂದ ಸೊಟ್ಟ ಮೂಗಿನ ಮುದುಕಿ ನಡೆದುಕೊಂಡು ಬಂದಿತು. ಸೊಂಟಕ್ಕೆ ಕೈ ಇಟ್ಟು, ಬಿದ್ದ ರಾಜನ ಸುತ್ತ ಒಂದು ಸುತ್ತು ಹಾಕಿತು. ನಾನು ತಿರುಗಿ ನೋಡಿದರೆ ದಾರ ಹಿಡಿದವಳು ಕೆಂಚವ್ವ. ಮೊರದಲ್ಲಿ ಜೋಳ ಕೇರುವಾಗ ಆಕೆಯ ಮಣಿಕಟ್ಟು ಹೇಗೆ ಆಡುವುದೋ ಹಾಗೆಯೇ ಆಡುತ್ತಿತ್ತು.

"ಯಾಕ್ರಿ ಮಾರಾಜ್ರ, ಬಿದ್ರೇನು?" ಮುದುಕಿ ರಾಜನನ್ನು ಕೇಳಿತು. "ಏಳಬ್ಯಾಡ್ರಿ. ನೀವು ಎದ್ರ ನನಗ ಕೆಲಸ ಹೆಚ್ಚಾಕ್ಕೈತಿ. ಚಾ ಅಲ್ಲೇ ತರ್ತೀನಿ."

ನನ್ನ ಮನೆಯೊಳಗೆ ನಾನೊಬ್ಬನೇ ಕೇಳುತ್ತಿದ್ದ ದನಿ ಅದು. ಈಗ ಅರ್ಧ ಊರು ಕೇಳಿ ಹೊಟ್ಟೆ ಹಿಡಿದುಕೊಂಡಿತು. ಸೋನಾಬಾಯಿ ಪರದೆಯ ಹಗ್ಗ ಬಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಜನ ಚದುರಿದ ಮೇಲೆ ಆಕೆ ಕೆಂಚವ್ವನನ್ನು, ಬರ್ತೀಯೇನವ್ವಾ ಎಂದು ಕೇಳಿದಳು. ನನ್ನ ಹತ್ತಿರ ಉಳಿದಿದ್ದ ಆಯುಧ ಒಂದೇ. ನಮ್ಮ ಎಮ್ಮೆ ಕೆಂಚವ್ವನನ್ನು ಬಿಟ್ಟು ಬೇರೆಯವರು ಹತ್ತಿರ ಹೋದರೆ ಒದೆಯುತ್ತದೆ, ಹಾಲು ಬಿಡುವುದಿಲ್ಲ.

"ಎಮ್ಮಿ ಯಾರು ಹಿಂಡವರು?" ಎಂದೆ.

ಕೆಂಚವ್ವ ಮುದುಕಿಯ ದಾರಗಳನ್ನು ನಿಧಾನವಾಗಿ ಕೋಲಿಗೆ ಸುತ್ತಿದಳು.

"ನನ್ನ ಹಸರ ಸೀರಿ ಗೂಟಕ್ಕ ಹಾಕಿರ್ತೀನಿ, ತಗೋರಿ," ಎಂದಳು. "ಮತ್ತ ನಾ ಕೇಳಾಕತ್ತಿಲ್ರಿ, ಹೇಳಾಕತ್ತೀನಿ."

ಈಗ ದಿನಾಲೂ ಸಂಜೆ ನಾನು ಆ ಹಸಿರು ಸೀರೆ ಉಟ್ಟು, ಮೀಸೆ ಮುಚ್ಚುವ ಹಾಗೆ ಸೆರಗು ಎಳೆದುಕೊಂಡು, ಹಾಲಿನ ಚರಿಗೆ ಹಿಡಿದು ಕೊಟ್ಟಿಗೆಗೆ ಹೋಗುತ್ತೇನೆ. ಬಾಳಾಸಾಬ ಬೇಲಿಯ ಆಚೆ ಮೊಬೈಲು ಹಿಡಿದು ನಿಂತಿರುತ್ತಾನೆ. ನಾನು ತಲೆ ಎತ್ತುವುದಿಲ್ಲ. ಎಮ್ಮೆ ಒಮ್ಮೆ ತಿರುಗಿ ಸೆರಗು ಮೂಸುತ್ತದೆ, ನಾನು ಉಸಿರು ಹಿಡಿಯುತ್ತೇನೆ, ಆಮೇಲೆ ಹಾಲು ಬಿಡುತ್ತದೆ.

ಕೆಂಚವ್ವ ಸೋನಾಬಾಯಿಯ ಜೊತೆ ಕಾಗವಾಡಕ್ಕೆ ಹೋದದ್ದು ಸೋಮವಾರ. ಎಮ್ಮೆಗೆ ಇನ್ನೂ ಗೊತ್ತಿಲ್ಲ.