ಮುಂದಿನ ಸಾಲಿನ ಕುರ್ಚಿ

ಮದುವೆಯಾದ ಹೊಸತರಲ್ಲಿ, ರಾಕೆಟ್ ವಿಜ್ಞಾನಿಯಾಗಿದ್ದ ಅವರು ಹೆಂಡತಿಯನ್ನು ರಾಕೆಟ್ ಉಡಾವಣೆ ನೋಡಲು ಕರೆದೊಯ್ದಿದ್ದರು. ರಾಕೆಟ್ ಸಮುದ್ರಕ್ಕೆ ಬಿತ್ತು. ಮುಂದಿನ ಸಲವೂ ಅವಳು ಹೋದಳು, ಅದೂ ಬಿತ್ತು.

“ಮೇಡಂ ಕಾಲ್ಗುಣ ಸಾರ್, ಇನ್ಮೇಲೆ ಮನೇಲೇ ಬಿಟ್ಟು ಬನ್ನಿ,” ಎಂದು ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ ನಕ್ಕ. ಅವರೂ ನಕ್ಕರು. ಆಮೇಲೆ ಅವಳನ್ನು ಕರೆಯಲಿಲ್ಲ.

ಅಲ್ಲಿಂದಾಚೆಗೆ ಅವರ ಒಂದು ರಾಕೆಟ್ಟೂ ಸೋಲಲಿಲ್ಲ. ನಿರ್ದೇಶಕರಾದರು, ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆದರು. ಪ್ರತಿ ಉಡಾವಣೆಯ ನಂತರ ಮನೆಗೆ ಬಂದು ಎಲ್ಲವನ್ನೂ ವರ್ಣಿಸುತ್ತಿದ್ದರು. ಅವಳು ಕಾಫಿ ಕೊಟ್ಟು ಸುಮ್ಮನೆ ಕೇಳುತ್ತಿದ್ದಳು.

ನಿವೃತ್ತಿಗೆ ಮೊದಲಿನ ಕೊನೆಯ ಉಡಾವಣೆ ಹತ್ತಿರ ಬಂತು.

“ಈ ಸಲ ನೀನೂ ಬಾ,” ಎಂದರು. “ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸ್ತೀನಿ.”

“ಬೇಡಪ್ಪ. ಬಿದ್ದುಬಿಟ್ಟರೆ?”

“ಅದನ್ನೆಲ್ಲ ನಾನು ಯಾವತ್ತು ನಂಬಿದ್ದೆ?”

“ನಂಬದೇನೇ ಇಷ್ಟು ವರ್ಷ ಮನೇಲಿ ಕೂರಿಸಿದ್ರಾ?”

ಅವರು ಅವಳ ಪಕ್ಕ ಬಂದು ಕೂತರು.

“ತಪ್ಪಾಯ್ತು ಕಣೇ. ಗೆದ್ದಾಗೆಲ್ಲ ಸುತ್ತ ಜನ ಚಪ್ಪಾಳೆ ತಟ್ತಿದ್ರು. ನಾನು ತಿರುಗಿ ನೋಡಿದರೆ ನನ್ನವರು ಅಂತ ಒಬ್ಬರೂ ಇರ್ತಿರಲಿಲ್ಲ. ಇದೊಂದು ಸಲ ಬಾ. ಕಾರು ಕಳಿಸ್ತೀನಿ.”

“ಕಾರು ಬೇಡ ರೀ,” ಎಂದಳು. “ಬಸ್ಸಲ್ಲಿ ಹೋಗಿ, ಸಾರ್ವಜನಿಕರ ಗ್ಯಾಲರಿಯಲ್ಲಿ ನಿಂತು ನೋಡಿ, ನಿಮಗಿಂತ ಮೊದಲು ಮನೆ ಸೇರಿ ಅಭ್ಯಾಸವಾಗಿದೆ. ನಿಮ್ಮ ಒಂದು ಉಡಾವಣೆಯನ್ನೂ ನಾನು ತಪ್ಪಿಸಿಕೊಂಡಿಲ್ಲ.”