ಏಳನೆಯ ಗಂಟು ಇಳಿದದ್ದು

ಗುಳಿಗೆ ನುಂಗಿದರೆ ಕಿಡ್ನಿಯ ಕ್ಯಾನ್ಸರು ಚರ್ಮಕ್ಕೆ ಏರಿಬಂದು, ಹಣ್ಣಾಗಿ ಉದುರುವ ಕಾಲ ಅದು. ನಿವೃತ್ತ ಕಂಡಕ್ಟರ್ ಗುರುಶಿದ್ದಪ್ಪನ ಏಳು ಗಂಟುಗಳಲ್ಲಿ ಆರು ಉದುರಿದ್ದವು. ಏಳನೆಯದು ಇವತ್ತು ಬಾರದಿದ್ದರೆ ನಾಳೆ ಹೊಟ್ಟೆ ಕೊಯ್ಯಲೇಬೇಕು ಎಂದಿದ್ದರು ಡಾಕ್ಟರು.

ಕನ್ನಡಿ ಮುಂದೆ ಬರಿಮೈಯಲ್ಲಿ ನಿಂತು, ಎದೆ ಹೊಟ್ಟೆಯೆಲ್ಲ ತಡಕಿ ಅವನು ಕೂಗಿದ: "ಲಾಸ್ಟ್ ಸ್ಟಾಪ್ ಬಂತ್ರೀ, ಇಳೀರಿ!"

ಯಾರೂ ಇಳಿಯಲಿಲ್ಲ.

ಹೆಂಡತಿ ನೀಲವ್ವ ಅವನ ಬೆನ್ನು ನೋಡಿ ಕಿಸಕ್ಕನೆ ನಕ್ಕಳು. "ಮೂವತ್ತು ವರ್ಷ ಬಸ್ಸಿನ್ಯಾಗ ದುಡದೀರಿ, ಹಿಂದಿನ ಬಾಗಲಾ ಮರತ್ರೇನ್ರಿ?"

ಬೆನ್ನ ಮೇಲೆ ಕವಳಿಹಣ್ಣಿನಂಥ ಗಂಟು ಕೂತಿತ್ತು. ಬೆರಳು ತಾಕಿದ್ದೇ ತಡ, ಅವಳ ಅಂಗೈಗೆ ಉದುರಿತು. ಗುರುಶಿದ್ದಪ್ಪ ಕುಣಿದೇಬಿಟ್ಟ. ನೀಲವ್ವ ಅದನ್ನು ಕಸದ ಬುಟ್ಟಿಗೆ ಹಾಕುತ್ತ, ಮನೆಗೆ ಬಂದವರನ್ನು ಕಳಿಸುವ ರೂಢಿಯಲ್ಲೇ, "ಹೋಗಿ ಬರ್ರಿ" ಅಂದುಬಿಟ್ಟಳು.

ಕುಣಿಯುತ್ತಿದ್ದವನು ಗಕ್ಕನೆ ನಿಂತ. "ಏ ಮಾರಾಯ್ತಿ, ಬರ್ರಿ ಅನಬ್ಯಾಡ! ಹೋಗ್ರಿ ಅಂತ ಅಷ್ಟ ಅನ್ನು!"